ಕೋಣ ಏಳುವ ತನಕ

ಸುರೋ ತಿಂಗಳ ಮೊದಲ ಇರುಳು.
ಹನ್ನೆರಡು ಹೊಡೆದು ಹತ್ತು ನಿಮಿಷ.
ಅರಮನೆಯ ತೆಂಕಣ ಬಯಲಿನಲ್ಲಿ
ಬಿಳಿಯ ಕೋಣ ಮಲಗಿದೆ, ಮೆಲುಕು ಹಾಕುತ್ತಿದೆ.
ಒಳಗೆ ದೊರೆ ಕಾಯುತ್ತಿದ್ದಾರೆ.
ಬಟ್ಟೆ ಸುತ್ತಿಕೊಂಡ ಕತ್ತಿ ಭರ್ಜಿಗಳು ಕಾಯುತ್ತಿವೆ.
ಊರು ಬೀದಿಯ ಬದಿಗೆ ಚಾಪೆ ಹಾಸಿ ಕೂತಿದೆ,
ಮಡಿಲಲ್ಲಿ ಮಗು, ಕೈಯಲ್ಲಿ ಮೊಬೈಲು.

ನಾನು ವಗಿಮಿನ್. ವಗೆ ದಿನ ಹುಟ್ಟಿದವನು,
ಐದೇ ದಿನದ ಸಂತೆವಾರ ನಮ್ಮದು.
ನನ್ನಪ್ಪ ಕಾಯುತ್ತಿದ್ದದ್ದು ಈ ಕೋಣದ ಮುತ್ತಜ್ಜಿಯನ್ನು.
ಸಂಬಳ ಕೇಳಬೇಡಿ;
ಮೇವಿನ ಲೆಕ್ಕದಲ್ಲಿ ನನಗಿಂತ ಇವರೇ ಮೇಲು.

ಇವರು ಅಂದೆ, ಹೌದು. ಕೋಣಕ್ಕೆ 'ಕ್ಯಾಯಿ' ಎಂಬ ಬಿರುದುಂಟು,
ಹೆಸರು ಸ್ಲಾಮೆತ್, ಅಂದರೆ ಕ್ಷೇಮ.
ಕ್ಷೇಮ ಮಲಗಿದ್ದಾರೆ, ಇನ್ನೂ ಎದ್ದಿಲ್ಲ.
ಎಬ್ಬಿಸುವಂತಿಲ್ಲ, ಬೆನ್ನು ತಟ್ಟುವಂತಿಲ್ಲ.

ದೊಡ್ಡವರೊಡನೆ ಆಡುವ ಮಾತಿಗೆ ಇಲ್ಲಿ
'ಕ್ರಮ' ಎಂದೇ ಹೆಸರು.
ನಾನು ಮಲಗಿದರೆ ಒಂದು ಪದ,
ಅದನ್ನೇ ದೊಡ್ಡವರೆದುರು ಹೇಳುವಾಗ ಇನ್ನೊಂದು,
ದೊರೆ ಮಲಗಿದರೆ ಮತ್ತೊಂದು.
ಕೋಣ ಮಲಗಿದರೆ?
ಅಪ್ಪನಿಗೂ ಗೊತ್ತಿರಲಿಲ್ಲ.
ಸುಮ್ಮನಿರುವುದು ಹೀಗೆ ನಮ್ಮ ವಂಶದ ವಿದ್ಯೆ.

ಇದೆಲ್ಲ ಹಿಂದೆ ಜೌಗು, ಕಪ್ಪೆಗಳ ಸಂಸ್ಥಾನ.
ಕಾರ್ತಸುರಾ ಸೂರೆಹೋದ ಮೇಲೆ
ದೊರೆತನವೇ ಗಂಟು ಕಟ್ಟಿಕೊಂಡು ಬಂತು:
ಬೇರುಸಹಿತ ಕಿತ್ತ ಆಲದ ಗಿಡ,
ಆನೆ, ಪಂಜರದ ಹಕ್ಕಿ, ಗಾಮೆಲಾನಿನ ಕಂಚು,
ಅಡುಗೆಯವರು, ಬಸುರಿಯರು,
ನಡುನಡುವೆ ಡಚ್ಚರ ಟೋಪಿಗಳು.
ನೆಲದಿಂದ ನೀರು ಉಕ್ಕುತ್ತಲೇ ಇತ್ತಂತೆ;
ಮರ ಕಡಿದು ತುಂಬಿದರೂ ನಿಲ್ಲಲಿಲ್ಲ.
ಕಡೆಗೆ ಒರತೆಯ ಬಾಯಿಗೆ
ದೊಡ್ಡದೊಂದು ಜಾಗಟೆ ಕವುಚಿದರು,
ಇದು ಅಜ್ಜಿಯ ಕತೆ; ನಿಜ ಸುಳ್ಳು ಅವಳ ತಲೆಗೆ.
ಅದಕ್ಕೇ ಸೋಲೋ ಮೆಲ್ಲಗೆ ನಡೆಯುತ್ತದೆ ಅನ್ನುತ್ತಿದ್ದಳು,
ಜೋರಾಗಿ ತುಳಿದರೆ ಕಾಲಡಿಯ ಕಂಚು ನುಡಿದೀತು.

ಹತ್ತು ವರ್ಷ ಕಳೆದಿತ್ತೋ ಇಲ್ಲವೋ,
ರಾಜ್ಯ ಹಲಸಿನ ಹಣ್ಣಿನ ಹಾಗೆ ಎರಡು ಹೋಳು.
ಅರ್ಧ ಜೋಗ್ಯದ ಪಾಲು.
ಮತ್ತೆರಡು ವರ್ಷಕ್ಕೆ ಇದೇ ಊರಲ್ಲಿ ಇನ್ನೊಂದು ಅರಮನೆ.
ತೊಳೆ ತಿಂದವರು ಕಂಪನಿಯವರು,
ಮೇಣ ನಮ್ಮ ಕೈಗೆ.

ಆ ಮೇಣವನ್ನೇ ಕಾಸಿ
ಬಟ್ಟೆಗೆ ಬರೆಯುತ್ತೇವೆ ಅನ್ನುತ್ತಾಳೆ ಪಾರ್ತಿನೆಂ, ನನ್ನವಳು.
ನಲವತ್ತು ವರ್ಷ ಲವೆಯಾನಿನ ಓಣಿಯಲ್ಲಿ ಕೂತು
ಓರೆ ಅಲೆಗಳ ಪರಂಗ್ ಬರೆದಳು,
ಒಂದು ಕಾಲಕ್ಕೆ ಅರಸುಮೈಗೆ ಮಾತ್ರ ಸಂದ ಗೆರೆ.
ಈಗ ಯಾರ ತಡೆಯಿದೆ, ಒಮ್ಮೆ ಉಡು, ಅಂದೆ.
ಮೈ ಒಪ್ಪುವುದಿಲ್ಲ, ಅಂದಳು.
ಅದೇ ಗೆರೆ ಮಾಲಿನಲ್ಲಿ ಯಂತ್ರದ ಅಚ್ಚಾಗಿ
ದಿಂಬಿನ ಚೀಲಗಳ ಮೇಲೆ ಮಲಗಿರುವುದು
ನೋಡಿ ಬಂದ ದಿನ ಅವಳು ಉಣ್ಣಲಿಲ್ಲ.

ಎಂಬತ್ತೈದರಲ್ಲಿ ಅರಮನೆಗೆ ಬೆಂಕಿ ಬಿತ್ತು.
ಆಗ ನನಗೆ ಹತ್ತೊಂಬತ್ತು.
ತೇಗದ ಕಂಬಗಳು ಎಣ್ಣೆಬತ್ತಿಯ ಹಾಗೆ ಉರಿದವು.
ಬಕೆಟು ಸಾಗಿಸುವ ಸಾಲಿನಲ್ಲಿ
ಯಾವನೋ ಅರಸುಮಗನಿಗೆ ಏಕವಚನದಲ್ಲಿ ಕೂಗಿದೆ:
"ಹಿಡಿಯೋ, ಬೇಗ!"
ಅವನು ಹಿಡಿದ.
ಆ ರಾತ್ರಿ ಊರಿಗೆಲ್ಲ ಇದ್ದದ್ದು ಒಂದೇ ಭಾಷೆ.
ಬೆಳಗಾದ ಮೇಲೆ ಅದೇ ಬೂದಿಯ ಮುಂದೆ
ಮಂಡಿಯೂರಿ ಕೈಮುಗಿದೆ, ಪದ ತಪ್ಪದೆ.
ಯಾರೂ ನೆನಪಿಸಲಿಲ್ಲ.
ನಾನು ಮರೆಯಲೂ ಇಲ್ಲ.

ಹೋ, ಕಿವಿ ಅಲ್ಲಾಡಿತು.
ಮುಂಗಾಲು. ಹಿಂಗಾಲು. ಗುಲಾಬಿ ಮೂತಿ.
ಕ್ಷೇಮ ಎದ್ದರು!
ಹಿಂದೆ ಕತ್ತಿ, ಭರ್ಜಿ, ಪಂಜು,
ಸಾವಿರ ಬರಿಗಾಲು, ಒಂದೂ ಮಾತಿಲ್ಲ.
ಇವರು ಹಾಕಿದ ಸಗಣಿಗೆ
ಮುದುಕಿಯರು ಕವರು ಹಿಡಿದು ನುಗ್ಗುತ್ತಾರೆ,
ಗದ್ದೆಗೆ, ಅಂಗಡಿಗೆ, ಮಗಳ ಮದುವೆಗೆ.

ದೊಡ್ಡ ರಸ್ತೆಯ ರೈಲುಹಳಿ ದಾಟುವಲ್ಲಿ
ಶುಂಠಿ ಚಹಾದ ಗಾಡಿಯೊಂದು ದೀಪ ತಗ್ಗಿಸಿ ನಿಂತಿತ್ತು,
ಹಲಗೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು.
ಇವರು ನಿಂತರು.
ಹಿಂದೆ ಎಲ್ಲವೂ ನಿಂತಿತು,
ಜೌಗಿನಿಂದ ಎದ್ದು ಬಂದ ಅಷ್ಟೂ ವರ್ಷಗಳು ಕೂಡ.
ಗಾಡಿಯ ಹುಡುಗ ನನ್ನ ಮುಖ ನೋಡಿದ.
ನಾನು ಆಕಾಶ ನೋಡಿದೆ.

ಸಿಪ್ಪೆಯನ್ನೂ ಬಿಡಲಿಲ್ಲ.